ಬೆಲ್ಲಿಗೊಂದು ಫೋಟೋ

ಜುಲೈ 7, ಸೋಮವಾರ

ನಾಲ್ಕನೇ ಕ್ಲಾಸಿಗೆ ಬೀಜ ಮೊಳೆಯುವ ಪಾಠ. ಬೋರ್ಡಿನ ಮೇಲೆ ಬರೆದು ಬರೆದು ಸಾಕಾಗಿದೆ. ಈ ಸಲ ಅನಿಮೇಷನ್. ರಸೆಲ್ ಮಾರುಕಟ್ಟೆಯಿಂದ ಅಲಸಂದೆ ತಂದೆ. ಹಿಂದಿನ ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಲೋಟ, ಅದರಲ್ಲಿ ಒದ್ದೆ ಹತ್ತಿ, ಒಂದು ಕಾಳು. ನನ್ನ ಹಳೇ ಫೋನನ್ನು ಎದುರಿನ ಬೆಂಚಿಗೆ ಟೇಪು ಸುತ್ತಿ ಬಿಗಿದಿದ್ದೇನೆ. ಎಲೆ ಬಿಡುವವರೆಗೆ ಪ್ರತಿ ಬೆಲ್ಲಿಗೂ ಒಂದು ಫೋಟೋ. ಕೊನೆಗೆ ಎಲ್ಲ ಜೋಡಿಸಿ ಓಡಿಸಿದರೆ ಮೊಳಕೆ ತಾನೇ ಮೇಲೇಳುತ್ತದೆ.

ಡ್ಯೂಟಿ ಸಿದ್ರಾಗೆ. ಮರೆಯುವ ಹುಡುಗಿಯಲ್ಲ.

"ಬೆಲ್ ಆದ ತಕ್ಷಣ ಹೋಗಿ ಒತ್ಬೇಕು. ಎಲ್ಲೇ ಇದ್ರೂ. ಒಂದೂ ತಪ್ಪಬಾರ್ದು, ಆಯ್ತಾ?"

"ತಪ್ಪಲ್ಲ ಮಿಸ್. ಪ್ರಾಮಿಸ್."

ನಮ್ಮ ರೂಮು ಕಾಂಪೌಂಡಿನ ಮೂಲೆಯಲ್ಲಿ ಒಂಟಿ. ಪಕ್ಕದ ಸೈಟಿನಲ್ಲಿ ಬೇಸ್‌ಮೆಂಟ್ ಅಗೆಯುತ್ತಿದ್ದಾರೆ. ಗಂಟಲು ಹರಿದುಕೊಂಡೇ ಪಾಠ.

ಜುಲೈ 11, ಶುಕ್ರವಾರ

ಈವರೆಗಿನ ಫೋಟೋ ಜೋಡಿಸಿ ಓಡಿಸಿ ತೋರಿಸಿದೆ. ಕಾಳು ಬಿರಿಯಿತು, ಬಾಗಿತು, ತಲೆ ಎತ್ತಿತು. ಮಕ್ಕಳದ್ದು ಒಂದೇ ಕೇಕೆ. ಸಿದ್ರಾ ಮಾತ್ರ ಬೆರಳು ತೋರಿಸಿದಳು.

"ಮಿಸ್, ಹಿಂದ್ಗಡೆ ಗೋಡೆ ನೋಡಿ. ಅದೂ ಬೆಳೀತಿದೆ."

ಮತ್ತೆ ಓಡಿಸಿದೆ. ಲೋಟದ ಹಿಂದೆ ಒಂದು ಬಿರುಕು. ಸೋಮವಾರ ಕಿಟಕಿಯ ಮೂಲೆಯಲ್ಲಿ ಗೇಣುದ್ದ. ಇವತ್ತು ತಾರಸಿ ಮುಟ್ಟಿದೆ. ದಿನವೂ ಅದೇ ರೂಮಿನಲ್ಲಿದ್ದೆ... ಕಂಡಿರಲಿಲ್ಲ.

ಮಕ್ಕಳ ಮುಂದೆ ನಕ್ಕೆ.

ಅದೇ ದಿನ, ಸಂಜೆ

ಹೆಡ್‌ಮಾಸ್ಟರ್ ಪಂಚಾಕ್ಷರಯ್ಯನವರಿಗೆ ತೋರಿಸಿದೆ.

"ಫೋನ್ ಅಲ್ಲಾಡಿರುತ್ತೆ ಕಣ್ರೀ ಶೀತಲ್."

"ಅಲ್ಲಾಡಿದ್ರೆ ಲೋಟನೂ ಜರುಗ್ಬೇಕಿತ್ತಲ್ಲ ಸಾರ್?"

"ಹಳೇ ಬಿಲ್ಡಿಂಗು, ಪ್ಲಾಸ್ಟರ್ ಬಿರುಕು ಅಷ್ಟೇ. ಮುಂದಿನ ವಾರ ಇಂಜಿನಿಯರ್‌ನ ಕರೆಸ್ತೀನಿ. ಪೇರೆಂಟ್ಸ್ ಗ್ರೂಪಿಗೆ ಮಾತ್ರ ಹಾಕ್ಬೇಡಿ."

ಬೇರೆ ರೂಮು ಕೇಳಿದೆ. ಇಲ್ಲವಂತೆ. ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೇನೆ ಎಂದು ನೆನಪಿಸಿದರು. ಬಾಯಿ ಮುಚ್ಚಿಕೊಂಡು ಬಂದೆ. ನನ್ನ ಮೇಲೇ ಸಿಟ್ಟು.

ಜುಲೈ 13, ಭಾನುವಾರ

ದೊಮ್ಮಲೂರಿನ ಮನೆಯಲ್ಲಿ ಕೂತು ನನ್ನ ಫೋನಿಗೆ ಹಾಕಿಕೊಂಡ ಆ ಅನಿಮೇಷನ್ನನ್ನೇ ಮತ್ತೆ ಮತ್ತೆ ಓಡಿಸುತ್ತಿದ್ದೇನೆ. ಮೊಳಕೆಯ ಕಡೆ ಕಣ್ಣು ಹೋಗುವುದೇ ಇಲ್ಲ. ಊಟ ಸೇರಲಿಲ್ಲ. ಹಿಂದಿನ ಬೆಂಚಿನ ಮಕ್ಕಳು ಆ ಗೋಡೆಗೇ ಒರಗಿ ಕೂರುತ್ತಾರೆ. ಹೆದರಿಕೆಯಾಗುತ್ತಿದೆ, ತುಂಬಾ.

ನಾಳೆ ಯಾರನ್ನೂ ಒಳಗೆ ಕೂರಿಸುವುದಿಲ್ಲ. ಕೆಲಸ ಹೋದರೆ ಹೋಗಲಿ.

ಜುಲೈ 14, ಸೋಮವಾರ, ಬೆಳಿಗ್ಗೆ 10.15

ಅಂಗಳ. ಬೇವಿನ ಮರದ ಕೆಳಗೆ. 'ಇವತ್ತು ನೆರಳಿನ ಅನಿಮೇಷನ್' ಎಂದು ಎಲ್ಲರನ್ನೂ ಹೊರಗೆ ತಂದೆ. ಬಿಸಿಲಿನಲ್ಲಿ ಕಡ್ಡಿ ನೆಟ್ಟು ನೆರಳಿನ ಗೆರೆ ಎಳೆಯುತ್ತಿದ್ದಾರೆ.

ಅದಕ್ಕೂ ಮೊದಲು ಒಬ್ಬಳೇ ರೂಮಿಗೆ ಹೋಗಿ ನೋಡಿದೆ. ಬಿರುಕಿನೊಳಗೆ ಬೆರಳು ಹೋಗುತ್ತದೆ. ಬೆಂಚಿನ ಮೇಲೆಲ್ಲ ಸುಣ್ಣದ ಪುಡಿ. ಫೋನು ತೆಗೆಯಲಿಲ್ಲ — ಇರಲಿ, ಸಾಕ್ಷಿಗೆ ಬೇಕು. ಬೀಗ ಆಫೀಸಿನಲ್ಲಿದೆ. ಬಾಗಿಲು ಎಳೆದುಕೊಂಡು ಬಂದೆ.

ಪಂಚಾಕ್ಷರಯ್ಯ ಬಂದರು. "ಯಾರನ್ನ ಕೇಳಿ ಹೊರಗೆ ಕೂರ್ಸಿದ್ರಿ?"

"ಒಳಗೆ ಕಳಿಸಲ್ಲ ಸಾರ್. ನೀವೇ ಒಂದ್ಸಲ ಬೆರಳಿಟ್ಟು ನೋಡಿ."

ನೋಡಿ ಬಂದರು. ಮುಖ ಬಿಳಿಚಿಕೊಂಡಿತ್ತು. ಆಫೀಸಿಗೆ ಓಡಿದರು, ಇಂಜಿನಿಯರ್‌ಗೆ ಫೋನ್ ಮಾಡಲು.

ಮಕ್ಕಳೆಲ್ಲ ಹೊರಗಿದ್ದಾರೆ. ಅಷ್ಟು ಸಾಕು.

ಬೆಲ್ ಆಯಿತು.

ಸಿದ್ರಾಳ ಕಡ್ಡಿ ನೆಲದ ಮೇಲೆ ಬಿದ್ದಿದೆ. ಈಗ ತಾನೇ ಇಲ್ಲಿದ್ದಳು. ಎಲ್ಲಿ ಎಂದರೆ ಫಹೀಮ್ ಮೂಲೆಯ ರೂಮಿನ ಕಡೆ ಕೈ ತೋರಿಸುತ್ತಾನೆ.

"ಫೋಟೋ ಹೊಡ್ಯಕ್ಕೆ ಹೋದ್ಲು ಮಿಸ್."

ಎಲ್ಲೇ ಇದ್ದರೂ ಅಂತ ನಾನೇ—