ಹತ್ತನೇ ಲೆವೆಲ್ಲಿನ ಪೈಲ್ವಾನ

ರಾಜಾಜಿನಗರ, ಬೆಂಗಳೂರು
೨೧ ಫೆಬ್ರವರಿ ೧೯೮೮, ಭಾನುವಾರ

ಪ್ರೀತಿಯ ಮಗ ಮರಿಯಪ್ಪನಿಗೆ,

ಕುವೈತಿನಲ್ಲಿ ಹೇಗಿದ್ದೀಯಪ್ಪಾ? ಚಳಿಗೆ ಎಡಭುಜ ಈಗಲೂ ಹಿಡಿದುಕೊಳ್ಳುತ್ತದೆ ಅಂತ ನೀನು ನಿನ್ನಮ್ಮನಿಗೆ ಬರೆದಿದ್ದೆಯಲ್ಲ. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು, ತಣ್ಣೀರಿನ ಸ್ನಾನ ಬೇಡ. ಬಿನ್ನಿಪೇಟೆಯ ಕುಸ್ತಿಯಲ್ಲಿ ಆ ಭುಜ ಮುರಿದಾಗಿನಿಂದ, ಅಂದರೆ ಹನ್ನೊಂದು ವರ್ಷದಿಂದ, ನಿನ್ನ ಕಾಗದವೆಲ್ಲ ನಿನ್ನಮ್ಮ ಪಾಪಮ್ಮನ ಹೆಸರಿಗೇ. ಕೊನೆಯಲ್ಲಿ ‘ಅಪ್ಪನಿಗೂ ತಿಳಿಸು’ ಅಂತ ಒಂದು ಸಾಲು. ನಾನೂ ಬರೆದವನಲ್ಲ ಬಿಡು. ಈ ಸಲ ರಜೆಗೆ ಬಂದರೂ ಮನೆಗೆ ಬಾರದೆ, ಬಸವೇಶ್ವರನಗರದಲ್ಲಿ ನಿನ್ನ ಗೆಳೆಯ ಮುನಿಯಣ್ಣನ ಮನೆಯಲ್ಲಿ ಇಳಿಯುತ್ತೇನೆಂದು ಬರೆದೆಯಲ್ಲ, ಅದನ್ನು ಓದಿ ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗೂ ಅನ್ನ ಇಳಿಯಲಿಲ್ಲ.

ಅದಿರಲಿ, ದೊಡ್ಡ ಸುದ್ದಿ ಕೇಳು. ನಿನ್ನ ತಂಗಿ ಜಗದಾಂಬಾ ಕಂಪ್ಯೂಟರ್ ಕಲಿಯಲಿ ಅಂತ ಮುನಿಯಣ್ಣನ ಕೈಯಲ್ಲಿ ಒಂದು ಮೆಷಿನ್ ಕಳಿಸಿದೆಯಲ್ಲ, ಟಿವಿಗೆ ಸಿಕ್ಕಿಸುವುದು? ಅದರ ಜೊತೆ ಬಂದ ಕತ್ತಿವೀರನ ಆಟದಲ್ಲಿ ನಿಮ್ಮಪ್ಪ ಹತ್ತನೇ ಲೆವೆಲ್ ಮುಟ್ಟಿದ್ದಾನೆ! ಅರವತ್ತಮೂರು ವರ್ಷಕ್ಕೆ! ಆ ವೀರನಿಗೆ ಬಿಲ್ಲಿಲ್ಲ, ಮಂತ್ರವಿಲ್ಲ. ಶತ್ರುವಿನ ಹತ್ತಿರಕ್ಕೇ ಹೋಗಿ ಮೈಗೆ ಮೈ ತಾಗಿಸಿ ಹೊಡೆಯಬೇಕು. ಹೊಡೆದಷ್ಟೂ ಅನುಭವ ಕೂಡುತ್ತದೆ, ಕೂಡಿದಷ್ಟೂ ಲೆವೆಲ್ ಏರುತ್ತದೆ, ಏಟು ತಡೆಯುವ ಶಕ್ತಿ ಬರುತ್ತದೆ. ಇದು ನಮ್ಮ ಗರಡಿಯ ಲೆಕ್ಕವೇ ತಾನೇ?

ಜಗದಾಂಬಾಗೆ ಇದು ತಿಳಿಯಲೇ ಇಲ್ಲ. ಆಫೀಸಿನಿಂದ ಬಂದವಳೇ ಎರಡನೇ ಲೆವೆಲ್ಲಿನ ವೀರನನ್ನು ಸೀದಾ ಗುಹೆಗೆ ನುಗ್ಗಿಸುತ್ತಿದ್ದಳು. ಅಲ್ಲಿ ಕೋಣದ ತಲೆಯವನೊಬ್ಬ ಕಾವಲಿದ್ದಾನೆ. ಎರಡೇ ಏಟು, ವೀರ ಮಲಗಿದ. ಏಳು ಸಲ ಹೀಗೇ ಆಯಿತು. “ಈ ಆಟಾನೇ ಸರಿ ಇಲ್ಲ ಅಪ್ಪಾ” ಅಂದಳು. ನನಗೆ ನೋಡಲಾಗಲಿಲ್ಲ. “ಏಳೇ ಆಚೆ” ಅಂದೆ.

ಗರಡಿಯ ಮಣ್ಣು ಮುಟ್ಟುವ ಹಾಗೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತೆ. ನಿನ್ನಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಗಲಿ. ಆಟ ಶುರುವಾಗುವ ಕಡೆ ಒಂದು ಮರವಿದೆ. ಅದರ ಸುತ್ತ ಹಸಿರು ಮುದ್ದೆಯಂಥ ಪ್ರಾಣಿಗಳು ಕುಣಿಯುತ್ತಿರುತ್ತವೆ. ದಿನಾ ಅವೇ. ಇಪ್ಪತ್ತು ಹೊಡೆಯುವುದು, ವೀರನ ರಕ್ತ ಇಳಿದರೆ ಮರದ ಕೆಳಗೆ ಸುಮ್ಮನೆ ನಿಲ್ಲಿಸುವುದು, ತುಂಬಿದ ಮೇಲೆ ಮತ್ತೆ ಇಪ್ಪತ್ತು. ದಂಡ, ಬಸ್ಕಿ ಹೊಡೆದಂತೆ. “ಅಪ್ಪಾ, ಇನ್ನೂ ಮರದ ಹತ್ರಾನೇ ಇದೀರಾ?” ಅಂತ ಜಗದಾಂಬಾ ದಿನಾ ರೇಗಿಸುವಳು. ಎರಡು ಸಲ ಕರೆಂಟ್ ಹೋಗಿ ಎಲ್ಲ ಅಳಿಸಿಹೋಯಿತು, ಮತ್ತೆ ಮೊದಲ ಮುದ್ದೆಯಿಂದ ಹಿಡಿದೆ. ಆಮೇಲೆ ಅವಳೇ ಆಟವನ್ನು ಕ್ಯಾಸೆಟ್ಟಿಗೆ ತುಂಬಿಡುವುದು ಕಲಿತಳು. ಹುಷಾರು ಹುಡುಗಿ.

ಮೊನ್ನೆ ಗುರುವಾರ ಹತ್ತನೇ ಲೆವೆಲ್ ಬಂತು. ಗುಹೆಗೆ ಹೋದೆ. ಕೋಣದ ತಲೆಯವನು ಹೊಡೆದ, ನನ್ನ ವೀರ ಅಲ್ಲಾಡಲಿಲ್ಲ ಕಣೋ! ಒಂದು ಕೊಟ್ಟು ಹಿಂದೆ ಸರಿದೆ, ಮತ್ತೊಂದು ಕೊಟ್ಟೆ. ಒಂಬತ್ತನೇ ಏಟಿಗೆ ಅವನು ಬಿದ್ದ. ನಿನ್ನಮ್ಮ ಒಳಗಿಂದ ಉಪ್ಪು ಮೆಣಸಿನಕಾಯಿ ತಂದು ನನಗೂ ಟಿವಿಗೂ ಸೇರಿಸಿ ದೃಷ್ಟಿ ತೆಗೆದಳು. ಪೋಸ್ಟ್‌ಮ್ಯಾನ್‌ನನ್ನೂ ಒಳಗೆ ಕರೆದು ತೋರಿಸಿದೆ. ಬಿನ್ನಿಪೇಟೆಯಲ್ಲಿ ಗದೆ ಗೆದ್ದ ದಿನವೂ ನಾನು ಇಷ್ಟು ಬೀಗಿರಲಿಲ್ಲ.

ಆ ಗುಂಗಿನಲ್ಲೇ ಜಗದಾಂಬಾಗೆ ಪಾಠ ಹೇಳಿದೆ. “ನೋಡಮ್ಮ, ಎರಡನೇ ಲೆವೆಲ್ಲೋನನ್ನ ಅಂಥವನ ಮುಂದೆ ನಿಲ್ಲಿಸಿದ್ರೆ ಸಾಯದೆ ಇನ್ನೇನು? ತಪ್ಪು ನಿಲ್ಲಿಸಿದೋರದು, ಅವನದಲ್ಲ.” ಅವಳು ನನ್ನ ಮುಖವನ್ನೇ ನೋಡಿ, “ಹಂಗಾದ್ರೆ ಅಣ್ಣಂದೂ ತಪ್ಪಲ್ಲ ಅಲ್ವಾ ಅಪ್ಪಾ?” ಅಂದಳು. ನಾನು ಪಂಚೆ ಕೊಡವಿಕೊಂಡು ಎದ್ದು ಹಾಲು ತರಲು ಹೋದೆ.

ಹೊಟ್ಟೆ ತುಂಬ ಉಂಡು ಗಟ್ಟಿಯಾಗಿರಪ್ಪ. ನಿನ್ನಮ್ಮ, ತಂಗಿ ನೆನೆಸಿಕೊಳ್ಳದ ದಿನವಿಲ್ಲ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇತಿ ನಿನ್ನ ಅಪ್ಪ,
ವೆಂಕಟಸ್ವಾಮಿ
(ಹತ್ತನೇ ಲೆವೆಲ್)

ತಾ.ಕ.: ಮರೆತಿದ್ದೆ ಅಂತ ಬರೆಯಹೊರಟೆ, ಸುಳ್ಳು. ಕುಸ್ತಿಗೆ ಮೊದಲು ಗರಡಿಯ ಗುರು, ಉಸ್ತಾದ್ ಆದವನು ಇಬ್ಬರ ಕೈ ಕೂಡಿಸಿ, ಕತ್ತು ಭುಜ ಮುಟ್ಟಿ ನೋಡಿ ‘ಜೋಡಿ ಸರಿ’ ಅನ್ನಬೇಕು. ಅವನು ಬೇಡ ಅಂದರೆ ಕುಸ್ತಿಯಿಲ್ಲ. ಅವತ್ತು ನಿನ್ನ ಕಡೆಯ ಉಸ್ತಾದ್ ನಾನೇ. ನೀನು ಮಣ್ಣಿಗಿಳಿದು ಆಗ ಆರೇ ತಿಂಗಳು. ನಿನ್ನೆದುರು ನಿಂತ ಹುಡುಗನ ಕತ್ತು ಮುಟ್ಟಿದಾಗಲೇ ನನಗೆ ಗೊತ್ತಾಯಿತು, ಇದು ಜೋಡಿಯಲ್ಲ ಅಂತ. ಆ ಕಡೆಯ ಉಸ್ತಾದ್ ನನ್ನನ್ನು ನೋಡಿ ನಕ್ಕ. ಬೇಡ ಅಂದರೆ ಮಾನ ಹೋದೀತೆಂದು ನಾನು ‘ಜೋಡಿ ಸರಿ’ ಅಂದುಬಿಟ್ಟೆ. ಆಮೇಲೆ ಮಗ ಹೆದರಿ ಸೋತ ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ. ನೀನು ಹೆದರಿರಲಿಲ್ಲ ಕಣೋ, ಅಪ್ಪ ಹೇಳಿದ ಅಂತ ಇಳಿದೆ. ನಿನ್ನೆ ಗರಡಿಗೆ ಹೋಗಿ, ಎಲ್ಲರ ಮುಂದೆ “ಅವತ್ತು ಜೋಡಿ ಸರಿ ಇರ್ಲಿಲ್ಲ, ತಪ್ಪು ನಂದು” ಅಂತ ಹೇಳಿ ಬಂದೆ. ಇನ್ನು ನೀನು ಬಂದು ನನ್ನ ಮೇಲೆ ಕೂಗಾಡು, ಹನ್ನೊಂದು ವರ್ಷದ್ದೂ ಸೇರಿಸಿ ಕೂಗಾಡು. ಆದರೆ ನಮ್ಮ ಮನೆಗೇ ಬಂದು ಕೂಗಾಡು.