ಟಗರಿನ ಗಂಟೆ

ಅಪ್ಪಾ,

ಅವ್ವಂಗೂ ನಿನ್ನ ಥರಾನೇ ಹಾರ್ಟ್ ಅಟ್ಯಾಕ್ ಆಗಿತ್ತು ಕಣಪ್ಪ. ಸ್ಟೆಂಟ್ ಹಾಕಿ ಮನೆಗೆ ಕಳಿಸಿದ್ರು. ನಿನ್ನ ಮಂಚಾನೇ ಕೊಡವಿ ಹಾಸಿದೆ. ನೀನು ಏಳಲೇಬಾರದು ಅಂತ ಟಗರಿನ ಕೊರಳಿಂದ ಬಿಚ್ಚಿ ಮಂಚಕ್ಕೆ ಕಟ್ಟಿದ್ನಲ್ಲ, ಆ ಗಂಟೆ ನೀನು ಹೋದ ಮೇಲೂ ಅಲ್ಲೇ ಇತ್ತು. "ಏನು ಬೇಕಾದ್ರೂ ಇದನ್ನ ಅಲ್ಲಾಡಿಸವ್ವ, ಓಡಿ ಬತ್ತೀನಿ" ಅಂದೆ.

ಅವ್ವ ಗಂಟೆ ಬಿಚ್ಚಿ ಕೈಲಿ ಹಿಡ್ಕಂಡ್ಲು. "ಮಲಗಿದ್ರೆ ಆಗಲ್ಲ, ದಿನಾ ಒಸಿ ಒಸಿ ನಡೀಬೇಕು ಅಂದವ್ರೆ ಡಾಕ್ಟ್ರು. ಅವತ್ತು ನಿಮ್ಮಪ್ಪಂಗೂ ಇದನ್ನೇ ಅಂದಿದ್ರು..." ಅಂದೋಳು ನನ್ನ ಮುಖ ನೋಡಿ ಗಂಟೇನ ಸೆರಗಿಗೆ ಕಟ್ಕಂಡ್ಲು.

ಮೊದಮೊದಲು ಬೀದಿ ಬಾಗಿಲಿಗೇ ಏದುಸಿರು ಬತ್ತಿತ್ತು. ನಿಂತು ಸುಧಾರಿಸ್ಕಂಡು ನಡೆದ್ಲು. ಇವತ್ತು ಟಗರಿಗೆ ಗಂಟೆ ಕಟ್ಟಿ, ಕುರಿಮಂದೆ ಹಿಂದೆ ಸಾವನದುರ್ಗದ ತಪ್ಪಲಿಗೇ ಹೊರಟುಬುಟ್ಲು! ಅಷ್ಟು ದೊಡ್ಡ ಬಂಡೆ ಕೆಳಗೆ ಇಷ್ಟೇ ಇಷ್ಟು ಅವ್ವ, ಅವಸರ ಇಲ್ದೆ, ಎಲ್ಲೂ ನಿಲ್ಲದೆ ನಡೀತಿದ್ಲು. ನಾನು ಬಾಯ್ಬಿಟ್ಕಂಡು ನೋಡ್ತಾ ನಿಂತುಬುಟ್ಟೆ.

ಸಂಜೆ ಒಲೆ ಮುಂದೆ ಕೂತಿದ್ದಾಗ ಗಂಟೆ ಸದ್ದು ಕೇಳಿಸ್ತು. ಅದು ಕುರಿ ಹೊಡ್ಕಂಡು ಅವ್ವ ಬತ್ತಿರೋದು ಅಂತ ಹೊಳೆಯೋ ಹೊತ್ತಿಗೆ, ನಾನು ನೀರಿನ ಚೊಂಬು ಹಿಡ್ಕಂಡು ನಿನ್ನ ಮಂಚದ ಹತ್ರ ನಿಂತಿದ್ದೆ.