ಗೋಂದುವಿನ ಬಾಯಿಯ ಕೆಂಪು

ತಂಗಿ,

ಯಾರ ಕಾಗದ ಬಂದರೂ ನಿಂತುಕೊಂಡೇ ಓದಿ, ಅರ್ಧಕ್ಕೇ ಮಡಿಸಿ, ಗಲ್ಲಾಪೆಟ್ಟಿಗೆಯ ಅಡಿಗೆ ತಳ್ಳಿಬಿಡುವುದು ನಿನ್ನ ಅಭ್ಯಾಸ. ಇದನ್ನು ಕುಳಿತು ಓದು. ನಿನ್ನ ಮೇಲೆ ನನಗೆ ಕೋಪ ಬಂದಿದೆ. ಎದುರಿಗೆ ನಿಂತು ಹೇಳಿದರೆ ನೀನು "ಅಕ್ಕ, ಮೊದ್ಲು ಮಾತ್ರೆ ತಗೊಂಡ್ಯಾ?" ಎಂದು ನಕ್ಕು ನನ್ನ ಮಾತನ್ನು ತೇಲಿಸಿಬಿಡುತ್ತೀಯೆ. ಆದ್ದರಿಂದ ಬರೆಯುತ್ತಿದ್ದೇನೆ.

ನಾನಿರುವುದು ಊರಾಚೆಯ ಕಾಗದದ ಗೋದಾಮಿನಲ್ಲಿ. ನೀನು ನಮ್ಮ ಮುದಿ ನಾಯಿ ಗೋಂದುವನ್ನು ವ್ಯಾನಿಗೆ ಹತ್ತಿಸಿ ಅಟ್ಟಿದ್ದು ಇಲ್ಲಿಗೇ ಅಲ್ಲವೆ? ಬಾಣಂತಿ ನಾಯಿ ರದ್ದಿಯನ್ನೂ ಅವಳ ಉಳಿದ ಮೂರು ಮರಿಗಳನ್ನೂ ನಾನೇ ಇಲ್ಲಿಗೆ ಕರೆತಂದಿದ್ದೇನೆ. ಕಳವಾಯಿತೆಂದು ಬೀದಿಯವರನ್ನು ಕೇಳಿಕೊಂಡು ಅಲೆಯಬೇಡ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುವುದೇಕೆ ಎನ್ನಬೇಡ. ನೀನು ನಿನ್ನ ಮಗಳಿಗೆ ಫೋನಿನಲ್ಲಿ ಹೇಳಿದ ಕಥೆಯನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಅದರಲ್ಲಿ ಗೋಂದು ಮರಿಗಳ ಭಕ್ಷಕಿ, ನೀನು ರಕ್ಷಕಿ.

ರದ್ದಿಯದು ಚೊಚ್ಚಲ ಬಾಣಂತನ. ನಾವು ಹಾಸಿಕೊಟ್ಟ ಗೋಣಿಯನ್ನು ಬಿಟ್ಟು, ನಮ್ಮ ಪುಸ್ತಕ ಕಟ್ಟುವ ಅಂಗಡಿಯ ಕತ್ತರಿ ಯಂತ್ರದ ಕೆಳಗೆ ಕಾಗದದ ಚೂರು ಬೀಳುವ ಮರದ ಪೆಟ್ಟಿಗೆಯಲ್ಲಿ ಮರಿ ಹಾಕಿದಳು. ಮೆತ್ತಗೆ, ಬೆಚ್ಚಗೆ ಇದ್ದುದರಿಂದ ಆ ಜಾಗ ಅವಳಿಗೆ ಒಪ್ಪಿತು. ಆ ವಾರ ನಾವು ಕತ್ತರಿಸುತ್ತಿದ್ದುದು ರಟ್ಟಿನ ಒಳಹೊದಿಕೆಗೆಂದು ನೀನು ಅಗ್ಗಕ್ಕೆ ತರಿಸಿದ ಕೆಂಪು ಕಾಗದ. ಒಂದು ಹನಿ ನೀರು ತಾಗಿದರೆ ಸಾಕು, ಬಣ್ಣ ಬಿಡುತ್ತದೆ. ಹಸಿಮರಿಗಳ ಒದ್ದೆ ಮೈಗೆ, ಮೂಗಿಗೆ, ಬಾಯಿಗೆ ಆ ಚೂರುಗಳು ಮೆತ್ತಿಕೊಂಡವು. ರದ್ದಿ ಕಂಗಾಲಾಗಿ ಒಂದನ್ನು ನೆಕ್ಕುವಳು, ಎದ್ದು ನಿಲ್ಲುವಳು, ಇನ್ನೊಂದರ ಮೇಲೆ ಕಾಲಿಡುವಳು.

ಆಗ ಗೋಂದು ಬಂದಳು. ಒಮ್ಮೆಯೂ ಮರಿ ಹಾಕದ, ಮೂತಿಯ ಕೂದಲೆಲ್ಲ ನರೆತ ಗೋಂದು. ರದ್ದಿ ಹಲ್ಲು ತೋರಿಸಿದಳು. ಗೋಂದು ಹಿಂದೆಯೂ ಸರಿಯಲಿಲ್ಲ, ಮುಂದೆಯೂ ಬರಲಿಲ್ಲ. ಪೆಟ್ಟಿಗೆಯ ಹೊರಗೆ ಮಲಗಿ, ಮುಂಗಾಲುಗಳ ಮೇಲೆ ಗಲ್ಲವಿಟ್ಟು, ಬೇರೆಲ್ಲೋ ನೋಡುತ್ತಿದ್ದಳು. ನಾನು ಹೊಲಿಯುತ್ತಿದ್ದ ಪುಸ್ತಕ ಮುಗಿಯುವ ಹೊತ್ತಿಗೆ ರದ್ದಿಯ ಗುರುಗುಟ್ಟುವಿಕೆ ಕುಂಯ್‌ಗುಟ್ಟುವಿಕೆಯಾಗಿತ್ತು. ಗೋಂದು ಎದ್ದು, ಮೊದಲು ಮರಿಗಳನ್ನಲ್ಲ, ರದ್ದಿಯ ಮುಖವನ್ನು ನೆಕ್ಕಿದಳು. ಆಮೇಲೆ ಒಂದೊಂದೇ ಮರಿಯ ಮೂಗಿಗೆ ಅಂಟಿದ ಚೂರನ್ನು ನಾಲಿಗೆಯಿಂದ ಎಬ್ಬಿಸಿ, ಮರಿಯನ್ನು ಬಾಯಲ್ಲಿ ಎತ್ತಿ ಗೋಣಿಗೆ ಸಾಗಿಸಿದಳು. ರದ್ದಿ ಮತ್ತೆ ಪೆಟ್ಟಿಗೆಗೆ ತಂದಳು. ಗೋಂದು ಮತ್ತೆ ಗೋಣಿಗೆ ಒಯ್ದಳು. ಮಗುವನ್ನು ಯಾವ ಕೋಣೆಯಲ್ಲಿ ಮಲಗಿಸಬೇಕೆಂದು ವಾದಿಸುವ ಅಮ್ಮ ಮತ್ತು ದೊಡ್ಡಮ್ಮನಂತೆ ಸಂಜೆಯವರೆಗೆ ಇದೇ ಕೆಲಸ. ಕೊನೆಗೆ ಇಬ್ಬರೂ ಗೋಣಿಯ ಮೇಲೆಯೇ ಬೆನ್ನಿಗೆ ಬೆನ್ನು ತಾಗಿಸಿ ಮಲಗಿದರು. ಎರಡು ಮರಿಗಳು ರದ್ದಿಯ ಹೊಟ್ಟೆಯ ಕಡೆ, ಎರಡು ಗೋಂದುವಿನ ಕಡೆ. ಗೋಂದುವಿನ ಮೊಲೆಗಳಲ್ಲಿ ಹಾಲಿತ್ತು. ಬೆರಳಿಟ್ಟು ನೋಡಿ ನಿನಗೆ ಬಂದು ಹೇಳಿದೆ. ನೀನು ಬಿಲ್ಲಿನಿಂದ ತಲೆ ಎತ್ತದೆ "ಹೂಂ ಹೂಂ, ಸರಿ" ಎಂದೆ.

ಮರುದಿನ ನಾನು ಕಣ್ಣಾಸ್ಪತ್ರೆಗೆ ಹೋದೆ. ರದ್ದಿ ಹಳೆಯ ಹಟಕ್ಕೆ ಮರಿಗಳನ್ನು ಮತ್ತೆ ಪೆಟ್ಟಿಗೆಗೆ ಹಾಕಿರಬೇಕು, ಗೋಂದು ಮತ್ತೆ ತೆಗೆಯುತ್ತಿರಬೇಕು. ನೀನು ಬಂದು ನೋಡಿದೆ. ಗೋಂದುವಿನ ಬಾಯಲ್ಲಿ ಮರಿ, ಬಾಯೆಲ್ಲ ಕೆಂಪು. ಅಳತೆಕೋಲಿನಿಂದ ಬೆನ್ನ ಮೇಲೆ ಬಾರಿಸಿ, ಕಾಗದ ಇಳಿಸಲು ಬಂದಿದ್ದ ವ್ಯಾನಿನವನ ಕೈಗೆ ಹಗ್ಗ ಕೊಟ್ಟುಬಿಟ್ಟೆ. ನಾನು ಬರುವುದನ್ನೂ ಕಾಯಲಿಲ್ಲ. ನಾನು ಬಂದೊಡನೆ ನೀನು ಹೇಳಿದ್ದಿಷ್ಟು:

"ಅಕ್ಕ, ಮರಿ ತಿಂತಿತ್ತು ಅದು. ಬಾಯೆಲ್ಲ ರಕ್ತ. ನಾನೇ ಕಣ್ಣಾರೆ ಕಂಡೆ."

ನಾನು ಒದ್ದೆ ಬಟ್ಟೆಯಿಂದ ಮರಿಗಳ ಮೈ ಒರೆಸಿದೆ. ಬಟ್ಟೆ ಕೆಂಪಾಯಿತು, ಮರಿಗಳ ಮೈ ಸ್ವಚ್ಛವಾಯಿತು. ಒಂದು ಹಲ್ಲಿನ ಗುರುತೂ ಇರಲಿಲ್ಲ. ನಿನ್ನ ಕೈಯನ್ನು ಹಿಡಿದು ನಿನಗೇ ತೋರಿಸಿದೆ. ಎಂಜಲು ಹಚ್ಚಿ ಆ ಕಾಗದ ಎಣಿಸಿ ಎಣಿಸಿ ನಿನ್ನ ಬೆರಳ ತುದಿಗಳೂ ಗೋಂದುವಿನ ಬಾಯಿಯಷ್ಟೇ ಕೆಂಪಾಗಿದ್ದವು. ಇಡೀ ಊರಿನಲ್ಲಿ ಆ ಬಣ್ಣವನ್ನು ಕಂಡೊಡನೆ ಗುರುತಿಸಬೇಕಾದವಳು ಯಾರಾದರೂ ಇದ್ದರೆ ಅದು ನೀನು.

ಆದರೂ ಕೇಳು, ನನ್ನ ಕೋಪ ಆ ತಪ್ಪಿನ ಮೇಲಲ್ಲ. ಗಾಬರಿಯಲ್ಲಿ ಯಾರಿಗಾದರೂ ಕಣ್ಣು ತಪ್ಪುತ್ತದೆ. ಬಟ್ಟೆಯನ್ನು ನೋಡಿದ ಮೇಲೆ, ನಿನ್ನ ಬೆರಳನ್ನು ನೋಡಿಕೊಂಡ ಮೇಲೆ, ನೀನು ಆಡಿದ ಮಾತಿನ ಮೇಲೆ ನನ್ನ ಕೋಪ.

"ಬಣ್ಣಾನೇ ಇರ್ಲಿ ಬಿಡು. ಹೋಗಿದ್ದು ಹೋಯ್ತು. ಹೆತ್ತ ತಾಯಿ ಇದಾಳಲ್ಲ. ಹೆರದೇ ಇರೋಳ ಹಾಲು ಒಂದು ಹಾಲಾ?"

ಹೆತ್ತ ತಾಯಿ ಏನು ಮಾಡಿದಳೆಂಬುದನ್ನು ನೀನು ಅಂಗಡಿಯ ಮುಂಭಾಗದಲ್ಲಿ ಕುಳಿತು ನೋಡಲಿಲ್ಲ. ಹಿಂದಿನ ಕೋಣೆಯಲ್ಲಿದ್ದ ನಾನು ನೋಡಿದೆ. ರದ್ದಿ ಮರಿಗಳ ಬಳಿ ನಿಲ್ಲಲೇ ಇಲ್ಲ. ಬಾಗಿಲಿಗೆ ಓಡುವಳು, ವ್ಯಾನು ನಿಂತಿದ್ದ ಜಾಗವನ್ನು ಮೂಸುವಳು, ಮರಳಿ ಬಂದು ಗೋಣಿಯ ಮೇಲೆ ಗೋಂದು ಮಲಗಿದ್ದ ಕಡೆ ಮೂಗು ತೂರಿಸುವಳು. ಒಂದು ಪಕ್ಕದ ಮೊಲೆಗಳು ಬಾತು ಕಲ್ಲಾದವು. ಮರಿ ಬಾಯಿಟ್ಟರೆ ನೋವಿಗೆ ಜಿಗಿದೇಳುತ್ತಿದ್ದಳು. ನಾನು ಹತ್ತಿಯ ಬತ್ತಿಯಿಂದ ಮರಿಗಳ ಬಾಯಿಗೆ ಹಾಲು ಹಿಂಡಿದೆ. ಬಿಳಿಯ ಹಣೆಯ ಮರಿ ಅದನ್ನು ನುಂಗಲಿಲ್ಲ. ನನ್ನ ಅಂಗೈಯಲ್ಲೇ ತಣ್ಣಗಾಯಿತು.

ನಾಯಿಗಳ ವೈದ್ಯೆ ಬಂದಾಗ ನೀನೂ ಇದ್ದೆ. ಆಕೆ ಹೇಳಿದ್ದನ್ನು ನೀನೂ ಕೇಳಿದೆ. "ಇನ್ನೊಂದು ನಾಯಿ ಎಲ್ಲಮ್ಮಾ? ಸುಳ್ಳು ಬಸಿರು ಅಂತೀವಿ. ಬಸಿರು ಸುಳ್ಳೇ, ಹಾಲು ಮಾತ್ರ ನಿಜವಾದ್ದೇ. ಬೇಗ ಕರೆಸಿ, ಇಲ್ಲಾಂದ್ರೆ ಇವೂ ಉಳಿಯಲ್ಲ." ಆಕೆ ಹೊಸಿಲು ದಾಟುವುದೇ ತಡ, ನೀನು ಅಂದೆ: "ಮಗಳು ಹೆರಿಗೆಗೆ ಬರ್ತಿದಾಳೆ ಅಕ್ಕ. ಈಗ ಮನೇನ ನಾಯಿಗಳ ಆಸ್ಪತ್ರೆ ಮಾಡ್ಬೇಡ."

ವ್ಯಾನಿನವನಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ನೀನು ಮಾಡಲಿಲ್ಲ. ಮಾಡಿದರೆ ತಪ್ಪೊಪ್ಪಿಕೊಂಡಂತೆ ಆಗುತ್ತಿತ್ತು. ಒಂದು ನಾಯಿಯ ಮುಂದೆ ನಿನ್ನ ಮಾತು ಹುಸಿಯಾಗಬಾರದೆಂದು ಮೂರು ಜೀವಗಳನ್ನು ಪಣಕ್ಕಿಟ್ಟೆ.

ಹೆರದವಳ ಹಾಲು ಒಂದು ಹಾಲಾ ಎಂದು ಯಾರ ಮುಂದೆ ಕೇಳಿದೆ ನೀನು? ಹುಡುಗಿಯನ್ನು ಹೆತ್ತ ಮೇಲೆ ನೀನು ಜ್ವರ ಹಿಡಿದು ಆಸ್ಪತ್ರೆಯ ಮಂಚದಿಂದ ಏಳದೆ ಇದ್ದಾಗ, ಅದನ್ನು ಎತ್ತಿಕೊಂಡವರು ಯಾರು? ತೊಡೆಯ ಮೇಲೆ ಮಗು, ಎಡಗೈಯಲ್ಲಿ ಹಾಲಿನ ಶೀಷೆ, ಬಲಗೈಯಲ್ಲಿ ಸೂಜಿ. ಆ ಕಾಲದಲ್ಲಿ ನಾನು ಹೊಲಿದ ಪುಸ್ತಕಗಳ ದಾರವೆಲ್ಲ ಓರೆ. ಶೀಷೆ ಒಲ್ಲೆನೆಂದು ಅದು ರವಿಕೆಯ ಮೇಲಿಂದಲೇ ನನ್ನ ಎದೆಗೆ ಬಾಯಿಡುತ್ತಿತ್ತು. ಎಷ್ಟು ಬೇಡಿಕೊಂಡರೂ ನನಗೆ ಹಾಲು ಬರಲಿಲ್ಲ. ಗೋಂದುವಿನ ಭಾಗ್ಯ ನನ್ನದಾಗಿರಲಿಲ್ಲ. ಇದನ್ನು ಇಂದಿನವರೆಗೆ ನಿನಗೆ ಹೇಳಿರಲಿಲ್ಲ, ಹೇಳುವ ಅಗತ್ಯವಿದೆ ಎಂದೂ ಅನ್ನಿಸಿರಲಿಲ್ಲ. ಆದರೆ ಈಗ ಅದೇ ಹುಡುಗಿ ಹೆರಲಿರುವಾಗ ನೀನು ಚಹಾ ಕಲಕುತ್ತ ಹೇಳುತ್ತೀಯೆ: "ಒಳಗೆ ಒಬ್ರನ್ನೇ ಬಿಡ್ತಾರಂತೆ ಅಕ್ಕ. ಹೆತ್ತೋಳು ನಾನು, ನಾನೇ ಇರ್ತೀನಿ. ನಿಂಗೆ ಅದೆಲ್ಲ ನೋಡಿದ್ರೆ ಭಯ ಆಗತ್ತೆ." ನನಗೆ ಭಯವಾಗುತ್ತದೆಂದು ನಿನಗೆ ಯಾರು ಹೇಳಿದರು? ಅಂದು ಸುಮ್ಮನಿದ್ದೆ. ಮರಿ ಕೈಯಲ್ಲಿ ತಣ್ಣಗಾದ ಮೇಲೆ ಸುಮ್ಮನಿರಲು ಆಗಲಿಲ್ಲ.

ವ್ಯಾನಿನವನನ್ನು ನಾನೇ ಕರೆಸಿದೆ. "ಅಮ್ಮಾ, ನಿಮ್ ತಂಗಿ ತಗೊಂಡ್ ಹೋಗು ಅಂತಾರೆ, ನೀವು ಕರ್ಕೊಂಡ್ ಹೋಗು ಅಂತೀರಿ. ನಾನು ಕಾಗದ ಸಾಗ್ಸೋನಾ, ನಾಯಿ ಸಾಗ್ಸೋನಾ?" ಎಂದು ಗೊಣಗಿದರೂ ಮರಿಗಳ ಬುಟ್ಟಿಯನ್ನು ತನ್ನ ಪಕ್ಕದ ಆಸನದಲ್ಲೇ ಇಟ್ಟುಕೊಂಡು, ಗುಂಡಿ ಬಂದಲ್ಲೆಲ್ಲ ನಿಧಾನಿಸಿದ.

ಗೋದಾಮಿನ ಕಾವಲುಗಾರ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲು ತೆಗೆದ. "ಬನ್ನಿ ತಾಯಿ, ನಿಮ್ಮ ನಾಯಿ ನನ್ನ ಎಡಗಾಲಿನ ಚಪ್ಪಲಿನ ಮಗು ಮಾಡ್ಕೊಂಬಿಟ್ಟಿದೆ. ಮುಟ್ಟೋಕೆ ಹೋದ್ರೆ ಗುರ್ ಅನ್ನತ್ತೆ. ಅನ್ನ ನೀರು ಬೇಡ, ಚಪ್ಪಲಿ ನೆಕ್ಕೋದೇ ಕೆಲಸ. ನನ್ನ ಹೆಂಡ್ತಿ ಕೂಡ ನನ್ನ ಯಾವ ವಸ್ತೂನೂ ಇಷ್ಟು ಚೆನ್ನಾಗಿ ನೋಡ್ಕೊಂಡಿಲ್ಲ."

ನಾನು ನಗಲಿಲ್ಲ. ಕಾಗದದ ಸುರುಳಿಗಳ ನಡುವೆ, ಹರಿದ ಹೊದಿಕೆಯ ಗುಡ್ಡೆಯ ಮೇಲೆ, ಆ ಚಪ್ಪಲಿಯನ್ನು ಹೊಟ್ಟೆಗೆ ಒತ್ತಿಕೊಂಡು ಗೋಂದು ಮಲಗಿದ್ದಳು. ಬೆನ್ನ ಮೇಲೆ ನಿನ್ನ ಅಳತೆಕೋಲಿನ ಬಾಸುಂಡೆ ಕೈಗೆ ತಗಲುವಂತಿತ್ತು. ಮೊಲೆಗಳಲ್ಲಿ ಹಾಲು ಉಳಿದಿದೆಯೋ ಬತ್ತಿದೆಯೋ ತಿಳಿಯದು. ಮರಿಗಳು ಅಳುವ ಬಲವನ್ನೂ ಕಳೆದುಕೊಂಡಿದ್ದವು. ಬುಟ್ಟಿಯನ್ನು ಬಾಗಿಲ ಬಳಿ ಇಳಿಸಿದೆ.

ರದ್ದಿ ಹಗ್ಗ ಕಿತ್ತುಕೊಂಡು ಗೋಂದುವಿನ ಬಳಿ ಹೋದಳು. ಈ ಸಲ ಗುರುಗುಟ್ಟಿದವಳು ಗೋಂದು; ಚಪ್ಪಲಿಗೆ ಮೂತಿ ಅಡ್ಡವಿಟ್ಟಳು. ರದ್ದಿ ಹಿಂದಿರುಗಿ ಬಂದು, ಬುಟ್ಟಿಯಿಂದ ಒಂದು ಮರಿಯನ್ನು ಕಚ್ಚಿ ತೆಗೆದು, ಒಯ್ದು, ಗೋಂದುವಿನ ಮೂತಿಯ ಮುಂದೆ ಇಟ್ಟಳು. ಆಮೇಲೆ ಇನ್ನೊಂದು. ಆಮೇಲೆ ಮೂರನೆಯದು. ಇಟ್ಟು, ಪಕ್ಕದಲ್ಲಿ ಕುಸಿದು ಮಲಗಿದಳು. ತಂಗಿ, ಹೆತ್ತವಳೇ ತಂದು ಒಪ್ಪಿಸಿದಳು. ಯಾರೂ ಅವಳಿಗೆ ಹೇಳಿಕೊಡಲಿಲ್ಲ.

ಗೋಂದು ಬಹಳ ಹೊತ್ತು ಮೂಸಿದಳು. ಕಾವಲುಗಾರ ಮೆಲ್ಲಗೆ ಚಪ್ಪಲಿ ಎಳೆದುಕೊಂಡ, ಅವಳು ಗಮನಿಸಲಿಲ್ಲ. ಮರಿಗಳನ್ನು ಹೊಟ್ಟೆಯ ಕೆಳಗೆ ತಳ್ಳಿಕೊಂಡಳು. ಎರಡು ತಡಕಾಡಿ ಬಾಯಿ ಹಾಕಿದವು. ಮೂರನೆಯದರ ಬಾಯನ್ನು ನಾನು ಹಿಡಿದು ಇಟ್ಟೆ. ಅದರ ಗಂಟಲು ಅಲ್ಲಾಡುವವರೆಗೆ ಕೈ ತೆಗೆಯಲಿಲ್ಲ. ಅಲ್ಲಾಡಿತು.

ಮರಿಗಳು ಕಣ್ಣು ಬಿಡುವವರೆಗೆ ನಾನಿಲ್ಲಿಯೇ ಇರುತ್ತೇನೆ. ಕಾವಲುಗಾರನ ಹೆಂಡತಿ ಒಂದು ಮಂಚ ಕೊಟ್ಟಿದ್ದಾಳೆ. ಹೊಲಿಯಬೇಕಾದ ಪುಸ್ತಕಗಳನ್ನೂ ದಾರವನ್ನೂ ವ್ಯಾನಿನವನ ಕೈಯಲ್ಲಿ ಕಳುಹಿಸು. ಇವರೆಲ್ಲ ಮನೆಗೆ ಮರಳುವಾಗ ನಿನ್ನ ಅಪ್ಪಣೆ ಕೇಳುವುದಿಲ್ಲ. ಆ ಮನೆ ನಿನ್ನದೆಷ್ಟೋ ನನ್ನದೂ ಅಷ್ಟೇ.

ಹುಡುಗಿಗೆ ನೋವು ಶುರುವಾದ ದಿನ ನಾನು ಆಸ್ಪತ್ರೆಗೆ ಬರುತ್ತೇನೆ. ಬಾಗಿಲಿಗೆ ಅಡ್ಡ ನಿಲ್ಲಬೇಡ. ಒಬ್ಬರನ್ನೇ ಬಿಡುವುದಾದರೆ, ಯಾರು ಬೇಕೆಂದು ಅವಳನ್ನು ಕೇಳು. ನಿನ್ನನ್ನೇ ಕರೆದರೆ ನಾನು ಮರುಮಾತಿಲ್ಲದೆ ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತೇನೆ. ಆದರೆ ನನ್ನ ಕಿವಿಗೆ ಬೀಳುವಂತೆ, ಬಾಯಿಬಿಟ್ಟು ಕೇಳು.

ಹುಡುಗಿಯ ಹೆರಿಗೆ ಸುಸೂತ್ರವಾಗಲಿ, ತಾಯಿ ಮಗು ನೂರು ಕಾಲ ಸುಖವಾಗಿರಲಿ. ನಿನಗೂ ಒಳ್ಳೆಯದಾಗಲಿ, ಈ ಮಾತನ್ನು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ, ಆದರೂ ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ಇನ್ನೂ ಕೋಪದಲ್ಲಿರುವ,
ನಿನ್ನ ಅಕ್ಕ